ಓದದೆ ಬಿಟ್ಟ ಸಾಲು

ನಾನು ಇಂಗ್ಲಿಷ್ ಮೇಷ್ಟ್ರು. ಇದನ್ನು ಹೇಳುವಾಗ ಈಗಲೂ ನನ್ನ ದನಿ ಸ್ವಲ್ಪ ತಗ್ಗುತ್ತದೆ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಅಪರಿಚಿತರು ‘ಯಾವ ಸಬ್ಜೆಕ್ಟ್ ಸಾರ್ ನಿಮ್ದು’ ಎಂದರೆ ಹಿಂದೆಲ್ಲ ‘ಸಮಾಜ’ ಎಂದುಬಿಡುತ್ತಿದ್ದೆ. ಇಂಗ್ಲಿಷ್ ಎಂದರೆ ಅವರು ಮುಂದಿನ ಮಾತನ್ನು ಇಂಗ್ಲಿಷಿನಲ್ಲೇ ಆಡಿಬಿಟ್ಟರೆ ಎಂಬ ಭಯ.

ನಾನು ಹುಟ್ಟಿದ್ದು ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಇಂಗ್ಲಿಷ್ ಕಣ್ಣಿಗೆ ಬೀಳುತ್ತಿತ್ತು, ಕಿವಿಗೆ ಬೀಳುತ್ತಿರಲಿಲ್ಲ. ಗೊಬ್ಬರದ ಚೀಲದ ಮೇಲೆ ಇರುತ್ತಿತ್ತು, ತೆಂಗಿನ ಗಿಡಕ್ಕೆ ಹೊಡೆಯುವ ಔಷಧಿಯ ಡಬ್ಬಿಯ ಮೇಲೆ ಇರುತ್ತಿತ್ತು. ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಒಂದು ವಾಕ್ಯ ಓದಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿ, ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದರು. ನಾನು ಗೈಡು ಉರುಹೊಡೆದೆ, ಪಾಸಾದೆ, ಕೆಲಸವೂ ಸಿಕ್ಕಿತು. ಇಷ್ಟರಲ್ಲಿ ಎಲ್ಲಿಯೂ ಯಾರೂ ನನ್ನ ಕಿವಿಯನ್ನು ಪರೀಕ್ಷೆ ಮಾಡಲಿಲ್ಲ. ಅರಕಲಗೂಡು ತಾಲ್ಲೂಕಿನ ಸರ್ಕಾರಿ ಹೈಸ್ಕೂಲಿಗೆ ಬಂದ ಮೇಲೆ ನಾನೂ ಹಾಗೆಯೇ ಮಾಡಿದೆ: ಒಂದು ವಾಕ್ಯ, ಅದರ ಅರ್ಥ, ಇನ್ನೊಂದು ವಾಕ್ಯ. ಕೊನೆಗೆ ಬೋರ್ಡಿನ ಮೇಲೆ ಪ್ರಶ್ನೋತ್ತರ. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ ಇರುತ್ತದೆಂದು ಎಲ್ಲರೂ ಹೇಳುತ್ತಿದ್ದರು. ಆ ಅಕ್ಷರದ ಹಿಂದೆ ನಾನು ಹದಿನೆಂಟು ವರ್ಷ ಅಡಗಿಕೊಂಡಿದ್ದೆ.

ಆಮೇಲೆ ಒಂದು ಡಬ್ಬ ಬಂತು. ಯಾರೋ ದಾನಿಗಳು ಕೊಟ್ಟದ್ದು. ಕಪ್ಪು ಬಣ್ಣದ ಸ್ಪೀಕರ್, ಅದಕ್ಕೆ ಸಿಕ್ಕಿಸಲು ಒಂದು ಪೆನ್‌ಡ್ರೈವ್. ಪಾಠಗಳನ್ನು ಯಾರೋ ಹೆಂಗಸು ನಿಧಾನವಾಗಿ, ಚೆನ್ನಾಗಿ ಓದಿ ಅದರಲ್ಲಿ ತುಂಬಿಸಿದ್ದರು. ಮಕ್ಕಳು ಪುಸ್ತಕ ತೆರೆದು, ಸಾಲಿನ ಕೆಳಗೆ ಬೆರಳಿಟ್ಟು, ಕೇಳುತ್ತಾ ಕೇಳುತ್ತಾ ಬೆರಳು ಓಡಿಸಬೇಕು. ಕಣ್ಣೂ ಕಿವಿಯೂ ಒಟ್ಟಿಗೆ ಹೋದರೆ ಭಾಷೆ ತಾನಾಗಿ ಬರುತ್ತದೆಂದು ಜೊತೆಗಿದ್ದ ಹಾಳೆಯಲ್ಲಿ ಬರೆದಿತ್ತು. ಸರಿ, ಹಾಕಿದೆ. ಒಂಬತ್ತನೇ ತರಗತಿ. ನಾನೂ ಪುಸ್ತಕ ಹಿಡಿದು ನಿಂತೆ.

ಮೊದಲ ಎರಡು ಸಾಲು ಸಿಕ್ಕಿತು. ಆಮೇಲೆ ಎಲ್ಲಿದ್ದೇನೆಂದೇ ತಿಳಿಯಲಿಲ್ಲ. ನಾನು ಎಷ್ಟೋ ಸಲ ಮಾಡಿದ ಪಾಠ ಅದು, ಬಾಯಿಪಾಠ ಬರುತ್ತಿತ್ತು, ಆದರೂ ಆ ದನಿಯಲ್ಲಿ ನನಗೆ ಗೊತ್ತಿದ್ದ ಒಂದು ಪದವೂ ಕಾಣಲಿಲ್ಲ. ಪುಸ್ತಕ ನೋಡುತ್ತಾ ತಲೆಯಾಡಿಸುತ್ತಾ ನಿಂತೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, ಪಾಪ, ಸಹಾಯವಾಗಲೆಂದೇ ಮೆಲ್ಲಗೆ ಹೇಳಿದಳು:

“ಸಾ, ಅದು ಮುಂದ್ಲ ಪುಟಕ್ಕೋಗಿ ಆಗ್ಲೇ ಸುಮಾರೊತ್ತಾಯ್ತು ಸಾ.”

ಮಕ್ಕಳು ನಗಲಿಲ್ಲ. ನಕ್ಕಿದ್ದರೆ ಬೈದು ಹಗುರಾಗುತ್ತಿದ್ದೆ. ಎಲ್ಲರೂ ಒಟ್ಟಿಗೆ ತಮ್ಮ ಬೆರಳಿನ ಕಡೆ ನೋಡಿಕೊಂಡರು. ನಾನು ಸ್ವಿಚ್ ಆರಿಸಿ, “ಇದು ಸರಿಯಾಗಿ ಕೇಳುಸ್ತಾ ಇಲ್ಲ, ನಾನೇ ಓದ್ತೀನಿ” ಎಂದೆ. ಬೆಲ್ಲಾದ ಮೇಲೆ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡೆ. ಕದಿಯಬೇಕೆಂದು ಅಲ್ಲ. ಅದು ಕಣ್ಣೆದುರು ಇರಬಾರದು, ಅಷ್ಟೇ.

ಮರುದಿನ ಹೆಡ್‌ಮಾಸ್ಟರು ಕರೆದರು. ಮುಂದಿನ ವಾರ ತಾಲ್ಲೂಕಿನಿಂದ ಅಧಿಕಾರಿಗಳು ಬರುತ್ತಾರೆ, ಆ ಡಬ್ಬದ ಪಾಠವನ್ನೇ ಅವರ ಎದುರು ಮಾಡಿ ತೋರಿಸಬೇಕು ಎಂದರು. ನನ್ನ ಬಾಯಿಂದ ತಕ್ಷಣ ಬಂತು: “ಪೆನ್‌ಡ್ರೈವ್ ಕಾಣ್ತಿಲ್ಲ ಸಾರ್. ನೆನ್ನೆ ಸ್ಟಾಫ್ ರೂಮಿನಲ್ಲೇ ಇಟ್ಟಿದ್ದೆ.” ಅದು ಆಗ ನನ್ನ ಪ್ಯಾಂಟಿನ ಜೇಬಿನಲ್ಲಿ, ಬಸ್ಸಿನ ಪಾಸಿನ ಜೊತೆ ಇತ್ತು. ಅದರಲ್ಲಿದ್ದುದನ್ನು ಮೊಬೈಲಿಗೆ ಹಾಕಿಕೊಂಡು ಐದು ನಿಮಿಷದಲ್ಲಿ ವಾಪಸ್ ಇಡಬಹುದಿತ್ತೆಂದು ಹೊಳೆದದ್ದು ಆಮೇಲೆ. ಅಷ್ಟರಲ್ಲಿ ಹೆಡ್‌ಮಾಸ್ಟರು, “ಸ್ಟಾಫ್ ರೂಮ್ ಗುಡ್ಸೋದ್ಯಾರು?” ಎಂದು ಕೇಳಿಯಾಗಿತ್ತು.

ಸ್ಟಾಫ್ ರೂಮ್ ಗುಡಿಸುತ್ತಿದ್ದವರು ಆಯಮ್ಮ. ಬೆಲ್ ಹೊಡೆಯುವುದು, ನೀರು ತುಂಬುವುದು, ಬೀಗ ಹಾಕುವುದು ಎಲ್ಲ ಅವರೇ. ಗಂಡ ತೀರಿಕೊಂಡ ಮೇಲೆ ಆ ಕೆಲಸ ಇವರಿಗೆ ಬಂದಿತ್ತು. ನನಗಿಂತ ಹತ್ತು ವರ್ಷ ದೊಡ್ಡವರು. ಈಗ ಬರೆಯುವಾಗ ‘ಅವರು’ ಎನ್ನುತ್ತಿದ್ದೇನೆ, ಆಗ ‘ಆಯಮ್ಮ, ಒಂದ್ ಲೋಟ ನೀರ್ ತಗಂಬಾ’ ಎನ್ನುತ್ತಿದ್ದೆ. ಶಾಲೆಯ ಹಿಂದಿನ ಕೇರಿಯಲ್ಲಿ ಅವರ ಮನೆ. ನಾನು ಜಮೀನಿದ್ದ ಮನೆಯವನು. ಅಷ್ಟು ವರ್ಷದಲ್ಲಿ ಒಂದು ದಿನವೂ ಆ ಕೇರಿಯ ಒಳಗೆ ಕಾಲಿಟ್ಟಿರಲಿಲ್ಲ. ಅನುಮಾನ ಅಷ್ಟು ಸಲೀಸಾಗಿ ಅವರ ಮೇಲೆ ಹೋಗಿ ಕೂತದ್ದಕ್ಕೆ ಪೊರಕೆ ಒಂದೇ ಕಾರಣವಲ್ಲ. ಅದು ಸ್ಟಾಫ್ ರೂಮಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಹೇಳಲಿಲ್ಲ. ನನಗಂತೂ ಆ ದಿನ ಅದರಿಂದ ಅನುಕೂಲವೇ ಆಯಿತು.

“ನಾನ್ ಕಾಣೆ ಸಾ. ಕಸದಲ್ಲಿ ಒಂದ್ ಪಿನ್ನಿದ್ರೂವೆ ಎತ್ತಿ ಟೇಬಲ್ ಮೇಲ್ ಮಡುಗ್ತೀನಿ,” ಎಂದರು ಆಯಮ್ಮ.

ಅಧಿಕಾರಿಗಳು ಬರುವ ಮೊದಲು ಕಾಗದದಲ್ಲಿ ಏನಾದರೂ ಇರಬೇಕಿತ್ತು. ನಮ್ಮ ಇಲಾಖೆಯಲ್ಲಿ ಯಾವುದಾದರೂ ವಸ್ತು ಕಳೆದರೆ ವಸ್ತುವನ್ನು ಹುಡುಕುವುದಕ್ಕಿಂತ ಮೊದಲು ಒಂದು ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ: ತಪ್ಪಾಗಿದೆ, ಇನ್ನು ಹೀಗೆ ಆಗದ ಹಾಗೆ ನೋಡಿಕೊಳ್ಳುತ್ತೇನೆ ಎಂದು. ಆಯಮ್ಮ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು, ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು, ಹೆಸರು ಬಿಟ್ಟರೆ ಬರೆಯಲು ಬರುತ್ತಿರಲಿಲ್ಲ. ಹೆಡ್‌ಮಾಸ್ಟರು ನನ್ನ ಕಡೆ ತಿರುಗಿ, “ನೀವೇ ಬರ್ದುಬಿಡಿ, ನಿಮ್ಮಕ್ಷರ ಚೆನ್ನಾಗಿದೆ” ಎಂದರು.

ಬರೆದೆ. ಆ ಹೆಂಗಸಿನ ಹೆಸರಿನಲ್ಲಿ, ನನ್ನ ತಪ್ಪನ್ನು, ನನ್ನ ದುಂಡು ಅಕ್ಷರದಲ್ಲಿ ಬರೆದೆ. ‘ನನ್ನ ನಿರ್ಲಕ್ಷ್ಯದಿಂದ ಸದರಿ ವಸ್ತು ಕಳೆದುಹೋಗಿರುತ್ತದೆ. ಇಂಥ ಲೋಪ ಮರುಕಳಿಸಿದಲ್ಲಿ ಮೇಲಧಿಕಾರಿಗಳು ಕೈಗೊಳ್ಳುವ ಯಾವುದೇ ಕ್ರಮಕ್ಕೆ ಬದ್ಧಳಾಗಿರುತ್ತೇನೆ.’ ಒಂದು ಕಾಟು ಚಿತ್ತು ಇರಲಿಲ್ಲ.

“ಏನ್ ಬರ್ದಿದೀರಿ, ವಸಿ ಓದಿ ಸಾ,” ಎಂದು ಆಯಮ್ಮ ಹತ್ತಿರ ಬಂದು, ಮೊದಲ ಸಾಲಿನ ಕೆಳಗೆ ಬೆರಳಿಟ್ಟರು. ಆ ಡಬ್ಬದ ಪಾಠ ಹಾಕಿದ ದಿನ ಬಾಗಿಲಲ್ಲಿ ನಿಂತು ಮಕ್ಕಳನ್ನು ನೋಡಿದ್ದರೋ, ಇಲ್ಲ ಅವರು ಓದುತ್ತಿದ್ದದ್ದೇ ಹಾಗೋ ಗೊತ್ತಿಲ್ಲ. ನಾನು ಓದಲು ಶುರುಮಾಡಿದೆ. ‘ನಿರ್ಲಕ್ಷ್ಯ’ದ ಹತ್ತಿರ ಬಂದು ನಿಂತೆ. ಬರೆದದ್ದನ್ನು ಬಿಟ್ಟು, “ವಸ್ತು ಕಾಣೆಯಾಗಿದೆ, ಮುಂದೆ ಜೋಪಾನವಾಗಿ ನೋಡಿಕೊಳ್ಳುತ್ತೇನೆ” ಎಂದಷ್ಟು ಹೇಳಿ ನಿಲ್ಲಿಸಿದೆ. ಅವರ ಬೆರಳು ಹಾಳೆಯ ನಡುವೆ ನಿಂತಿತ್ತು.

“ಸಾ, ಇನ್ನೂ ಎಲ್ಡು ಲೈನ್ ಅವೆ.”

“ಅದು ಆಫೀಸ್ ಭಾಷೆ ಆಯಮ್ಮ. ಎಲ್ಲಾ ಲೆಟರಲ್ಲೂ ಇರ್ತದೆ. ಸೈನ್ ಹಾಕು.”

ಅವರು ನನ್ನ ಮುಖ ನೋಡಿದರು. ಆಮೇಲೆ ಪೆನ್ನು ಈಸಿಕೊಂಡು, ತಮ್ಮ ಹೆಸರಿನ ಒಂದೊಂದು ಅಕ್ಷರವನ್ನೂ ಬೇರೆಬೇರೆಯಾಗಿ ಬರೆದರು. ಅಧಿಕಾರಿಗಳು ಬಂದಾಗ ನಾನು ಎಂದಿನಂತೆ ವಾಕ್ಯ ಓದಿ ಅರ್ಥ ಹೇಳಿದೆ. ಬೋರ್ಡ್ ಕೆಲಸ ಚೆನ್ನಾಗಿದೆ ಎಂದು ಬರೆದು ಹೋದರು.

ಅದರ ಮುಂದಿನ ಸೋಮವಾರದಿಂದ ನಾನು ಇಂಗ್ಲಿಷ್ ಕಲಿಯಲು ಶುರುಮಾಡಿದೆ.

ನನ್ನ ಮನೆಯಿದ್ದ ಹಾಸನದಿಂದ ಗೊರೂರು ಮೇಲೆ ಶಾಲೆಗೆ ಹೋಗುವ ಬಸ್ಸಿನಲ್ಲಿ, ಹಿಂದಿನಿಂದ ಎರಡನೇ ಸೀಟು. ಪೆನ್‌ಡ್ರೈವಿನ ಪಾಠಗಳು ಮೊಬೈಲಿನಲ್ಲಿ, ಕಿವಿಗೆ ಇಯರ್‌ಫೋನ್, ತೊಡೆಯ ಮೇಲೆ ಪಠ್ಯಪುಸ್ತಕ, ಅದರ ಸುತ್ತ ನ್ಯೂಸ್‌ಪೇಪರ್. ಒಂಬತ್ತನೇ ಕ್ಲಾಸಿನ ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಓದುವ ಮೇಷ್ಟ್ರನ್ನು ಯಾರಾದರೂ ಪರಿಚಯದವರು ನೋಡಿಬಿಟ್ಟರೆ ಎಂದು ಅಷ್ಟು ವೇಷ. ಪಕ್ಕದಲ್ಲಿ ಕೂರುತ್ತಿದ್ದ ಒಬ್ಬರು ನಾನು ದಿನಾ ವಿಷ್ಣು ಸಹಸ್ರನಾಮ ಕೇಳುತ್ತೇನೆಂದುಕೊಂಡು ಬಹಳ ಮರ್ಯಾದೆ ಕೊಡುತ್ತಿದ್ದರು.

ಮೊದಲ ವಾರ ಏನೂ ಕೇಳಲಿಲ್ಲ. ಕೇಳುತ್ತಿತ್ತು, ಆದರೆ ತೂಬಿನಿಂದ ನೀರು ಬಿಟ್ಟ ಹಾಗೆ ಒಂದೇ ಸಮನೆ ಹೋಗುತ್ತಿತ್ತು, ಎಲ್ಲಿ ಕೈಹಾಕುವುದೋ ತಿಳಿಯುತ್ತಿರಲಿಲ್ಲ. ಒಂದೇ ನಿಮಿಷದ ಓದನ್ನು ಹಾಸನದಿಂದ ಗೊರೂರಿನ ತನಕ ಮತ್ತೆ ಮತ್ತೆ ಹಾಕಿದೆ. ಬೆರಳು ಹಿಂದೆ ಬೀಳುತ್ತಿತ್ತು. ಹಾರಿ ಮುಂದೆ ಹೋಗಿ ಕಾಯುತ್ತಿದ್ದೆ, ಆ ದನಿ ಬಂದು ನನ್ನನ್ನು ದಾಟಿ ಹೋಗುತ್ತಿತ್ತು. ಆಮೇಲೆ ಒಂದು ದಿನ ಗೊತ್ತಾಯಿತು, ಆಕೆ ಅಲ್ಪವಿರಾಮ ಬಂದ ಕಡೆ ಉಸಿರು ತೆಗೆದುಕೊಳ್ಳುತ್ತಾರೆ. ನಾನು ಹದಿನೆಂಟು ವರ್ಷದಲ್ಲಿ ಒಂದು ಅಲ್ಪವಿರಾಮಕ್ಕೂ ನಿಂತವನಲ್ಲ. ಅರ್ಥ ಹೇಳಲು ಮಾತ್ರ ನಿಲ್ಲುತ್ತಿದ್ದೆ. ಆ ಉಸಿರನ್ನು ಹಿಡಿದುಕೊಂಡೆ. ಅಲ್ಲಿಂದ ಸಾಲುಗಳು ಬಿಡಿಬಿಡಿಯಾಗಿ ಸಿಗತೊಡಗಿದವು. ನನಗೆ ಅಕ್ಷರವಾಗಿ ಗೊತ್ತಿದ್ದ ಪದಗಳು ಒಂದೊಂದಾಗಿ ಬಂದು ತಮ್ಮ ದನಿಯನ್ನು ತೋರಿಸಿ ಹೋದವು. ಎಷ್ಟೋ ಪದಗಳನ್ನು ನಾನು ಅಷ್ಟು ವರ್ಷ ನನ್ನದೇ ಲೆಕ್ಕದಲ್ಲಿ ಓದಿ, ಮಕ್ಕಳಿಂದ ಒಟ್ಟಾಗಿ ಕೂಗಿಸಿದ್ದೆ. ಅರಕಲಗೂಡಿನ ಅಂಗಡಿಗಳಲ್ಲಿ, ಆಟೋಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿದ್ದಾರೆ. ಅವರ ಬಾಯಲ್ಲಿ ಈಗಲೂ ನನ್ನ ತಪ್ಪುಗಳಿವೆ. ಅದನ್ನು ನೆನೆದರೆ ಬಸ್ಸಿನಲ್ಲೇ ಮುಖ ಬಿಸಿಯಾಗುತ್ತಿತ್ತು.

ಎರಡು ತಿಂಗಳಾದ ಮೇಲೆ, ಒಂದು ಪಾಠದಲ್ಲಿ ಮುದುಕನೊಬ್ಬ ತನ್ನ ಕತ್ತೆಗೆ ಬುದ್ಧಿ ಹೇಳುತ್ತಾನೆ, ಅದನ್ನು ಕೇಳಿ ನನಗೆ ಜೋರಾಗಿ ನಗು ಬಂತು. ನಕ್ಕ ಮೇಲೆ ನೋಡಿಕೊಂಡರೆ ಬೆರಳು ಇನ್ನೂ ಆ ಸಾಲಿಗೆ ಬಂದೇ ಇರಲಿಲ್ಲ. ಕಿವಿ ಮೊದಲು ಹೋಗಿತ್ತು. ಇಂಗ್ಲಿಷ್ ಕೇಳಿ ನಾನು ಜೀವಮಾನದಲ್ಲಿ ಮೊದಲ ಸಲ ನಕ್ಕಿದ್ದೆ. ಖುಷಿ ಎಷ್ಟು ಹೊತ್ತು ಇತ್ತು? ಬಸ್ಸಿಳಿದು ಶಾಲೆಯ ಗೇಟಿನ ತನಕ. ಗೇಟಿನಲ್ಲಿ ಆಯಮ್ಮ ಬೆಲ್ ಹೊಡೆಯುತ್ತಿದ್ದರು. ಮಕ್ಕಳಿಗೆ ಬಂದ ಪಾಠವನ್ನು ಕದ್ದು ನಾನೊಬ್ಬನೇ ಕಲಿಯುತ್ತಿದ್ದೆ, ಅದಕ್ಕೆ ರುಜು ಹಾಕಿಕೊಟ್ಟವರು ಅವರು.

ಹೇಗಾದರೂ ಅದನ್ನು ವಾಪಸ್ ಇಡಬೇಕಿತ್ತು. ದಸರಾ ರಜೆ ಮುಗಿದ ದಿನ ನನಗೆ ಒಂದು ಉಪಾಯ ಹೊಳೆಯಿತು. ಹೇಡಿಗಳಿಗೆ ಉಪಾಯಕ್ಕೇನೂ ಬರವಿಲ್ಲ. ಸ್ಟಾಫ್ ರೂಮಿನ ಬೀರುವಿನ ಹಿಂದೆ ಬಗ್ಗಿ, “ಅರೆ, ಇಲ್ಲೇ ಬಿದ್ದಿದೆಯಲ್ಲ!” ಎಂದು ಪೆನ್‌ಡ್ರೈವ್ ಎತ್ತಿ ತೋರಿಸಿದೆ. ಎಲ್ಲರಿಗೂ ಸಮಾಧಾನ. ಹೆಡ್‌ಮಾಸ್ಟರು ಆಯಮ್ಮನನ್ನು ಕರೆದು, “ನೋಡಮ್ಮ, ನೀನು ಕಸ ಗುಡ್ಸೋ ಚೆಂದ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

“ಆ ಬೀರಿನ ಹಿಂದ್ಕೆ ದಿನಾ ಪೊರಕೆ ಹಾಕ್ತೀನಿ ಸಾ,” ಎಂದರು ಆಯಮ್ಮ. ಹೇಳಿದ್ದು ಹೆಡ್‌ಮಾಸ್ಟರಿಗೆ, ನೋಡಿದ್ದು ನನ್ನನ್ನು. ಅವರ ಮೇಲಿದ್ದ ಒಂದು ತಪ್ಪನ್ನು ಇಳಿಸಲು ಹೋಗಿ ಇನ್ನೊಂದನ್ನು ಹೊರಿಸಿದ್ದೆ.

ಆದರೆ ಪಾಠ ಮಾತ್ರ ಜೋರಾಗಿ ಹೋಯಿತು. ನಾನು ಬಸ್ಸಿನಲ್ಲಿ ಕಲಿತ ಹಾಗೆಯೇ ಮಕ್ಕಳಿಗೆ ಕಲಿಸಿದೆ: ಒಂದೇ ನಿಮಿಷ, ಮತ್ತೆ ಅದೇ ನಿಮಿಷ, ಬೆರಳು ತಪ್ಪಿದರೆ ಹೆದರಬೇಡಿ, ಉಸಿರು ಎಲ್ಲಿದೆ ನೋಡಿ. ಮುಂದಿನ ಬೆಂಚಿನ ಆ ಹುಡುಗಿ ಒಂದು ತಿಂಗಳಲ್ಲಿ ಪುಸ್ತಕ ಮುಚ್ಚಿ ಕೇಳುತ್ತಿದ್ದಳು. ಸುದ್ದಿ ಹರಡಿತು. ಹೊಳೆನರಸೀಪುರದಲ್ಲಿ ಮೇಷ್ಟ್ರುಗಳಿಗೆ ತರಬೇತಿ ಇದ್ದಾಗ ಈ ವಿಧಾನದ ಬಗ್ಗೆ ಹೇಳಲು ನನ್ನನ್ನೇ ಕರೆದರು. ಎರಡು ಗಂಟೆ ಮಾತಾಡಿದೆ, ಚಪ್ಪಾಳೆ ಹೊಡೆದರು. ಊಟದ ಹೊತ್ತಿಗೆ ಚನ್ನರಾಯಪಟ್ಟಣದ ಕಡೆಯ ಮೇಷ್ಟ್ರೊಬ್ಬರು ತಟ್ಟೆ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದರು. ಅತ್ತ ಇತ್ತ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು:

“ನಿಮ್ಮತ್ರ ಹೇಳ್ತೀನಿ ಸಾರ್, ಯಾರಿಗೂ ಹೇಳ್ಬೇಡಿ. ನಂಗೂ ಅದು ಫಾಲೋ ಆಗಲ್ಲ. ಡಬ್ಬ ಬೀರುನಲ್ಲೇ ಐತೆ.”

 ಈ ಮನುಷ್ಯ ಒಂದು ನಿಮಿಷದಲ್ಲಿ, ಅನ್ನ ಸಾರಿನ ನಡುವೆ, ಹೇಳಿಬಿಟ್ಟಿದ್ದ ಮಾತನ್ನು ನಾನು ಹೇಳಲಾರದೆ ಒಬ್ಬ ಹೆಂಗಸಿನ ಕೈಯಲ್ಲಿ ಮುಚ್ಚಳಿಕೆಗೆ ರುಜು ಹಾಕಿಸಿದ್ದೆ. ‘ನನಗೂ ಆಗುತ್ತಿರಲಿಲ್ಲ’ ಎಂದು ಅವರಿಗಾದರೂ ಹೇಳಬಹುದಿತ್ತು. “ಪ್ರಾಕ್ಟೀಸ್ ಮಾಡಿ, ಬರುತ್ತೆ” ಎಂದೆ.

ಮುಂದಿನ ವರ್ಷ ಆಯಮ್ಮ ನಿವೃತ್ತರಾದರು. ಶಾಲು, ಹಾರ, ಹಣ್ಣಿನ ತಟ್ಟೆ, ಗಾಜಿನ ಚೌಕಟ್ಟು ಹಾಕಿಸಿದ ಅಭಿನಂದನಾ ಪತ್ರ. ಪತ್ರ ಬರೆಯುವುದು ನಾನಲ್ಲದೆ ಇನ್ನು ಯಾರು? ಮನೆಯಲ್ಲಿ ಕೂತು ಮೂರು ಹಾಳೆ ಹರಿದುಹಾಕಿದೆ. ನಾಲ್ಕನೆಯದರಲ್ಲಿ, ಕರ್ತವ್ಯನಿಷ್ಠೆ, ಸರಳತೆ ಇತ್ಯಾದಿಗಳ ಕೆಳಗೆ, ದಪ್ಪ ಅಕ್ಷರದಲ್ಲಿ ಒಂದು ಸಾಲು ಬರೆದೆ. ಹಿಂದೆ ಸರಿಯಲು ದಾರಿ ಇರಬಾರದೆಂದೇ ಬರೆದೆ. ಹಾಸನದಲ್ಲಿ ಚೌಕಟ್ಟು ಹಾಕಿಸಿ, ಬಣ್ಣದ ಕಾಗದ ಸುತ್ತಿಸಿ ತಂದೆ. ಸಭೆಯಲ್ಲಿ ಅದನ್ನು ಓದುವವನೂ ನಾನೇ. ಎಲ್ಲರ ಎದುರು ಓದಿಬಿಟ್ಟರೆ ಮುಗಿಯಿತು ಎಂದುಕೊಂಡಿದ್ದೆ.

ಫೋಟೋದವನಿಗೆ ಅವಸರವೆಂದು ಚೌಕಟ್ಟನ್ನು ಮೊದಲೇ ಕಾಗದ ಬಿಚ್ಚಿ ಅವರ ಕೈಗಿಟ್ಟರು. ನಾನು ಇನ್ನೊಂದು ಪ್ರತಿ ಹಿಡಿದು ಮೈಕಿನ ಮುಂದೆ ನಿಂತೆ. ಆಯಮ್ಮ ಕುರ್ಚಿಯ ಮೇಲೆ, ಮಡಿಲಲ್ಲಿ ಚೌಕಟ್ಟು ಇಟ್ಟುಕೊಂಡು, ಗಾಜಿನ ಮೇಲೆ ಬೆರಳಿಟ್ಟರು. ನಾನು ಓದಿದ ಹಾಗೆ ಬೆರಳು ಬಂತು. ಆ ಸಾಲು ಬಂತು. ಮಕ್ಕಳು, ಮೇಷ್ಟ್ರುಗಳು, ಊರಿನ ನಾಲ್ಕು ಜನ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಲ್ಪವಿರಾಮದಷ್ಟು ಹೊತ್ತು ನಿಂತೆ. ಆಮೇಲೆ ಕೆಳಗಿನ ಸಾಲು ಓದಿದೆ: ‘ಅವರ ನಿವೃತ್ತ ಜೀವನ ಸುಖಮಯವಾಗಿರಲಿ.’

ಬೆರಳು ಬಿಟ್ಟ ಸಾಲಿನ ಕೆಳಗೆ ನಿಂತಿತ್ತು. ‘ಒಂದ್ ಲೈನ್ ಬುಟ್ರಿ ಸಾ’ ಎಂದು ಹೇಳುತ್ತಾರೆಂದು ಕಾದೆ. ಹೇಳಲಿ ಎಂದು ಬೇಡಿಕೊಂಡೆ, ಅದೂ ನಿಜ. ಅವರು ಹೇಳಲಿಲ್ಲ. ಬೆರಳನ್ನು ಕೂಡ ತೆಗೆಯಲಿಲ್ಲ. ಚಪ್ಪಾಳೆ ಬಿತ್ತು.

ಐದು ದಿನ ತಡೆದುಕೊಂಡೆ. ಆರನೆಯ ದಿನ ಭಾನುವಾರ. ಬಸ್ಸಿಳಿದು ಮೊದಲ ಸಲ ಆ ಕೇರಿಗೆ ಹೋದೆ. ಮನೆ ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲೇ ನನ್ನ ಅಕ್ಷರ. ಆಯಮ್ಮ ಕುರ್ಚಿ ಹಾಕಿ, ಕಾಫಿ ತಂದುಕೊಟ್ಟರು. ಕುಡಿದೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಅಷ್ಟು ಜೋಡಿಸಿಕೊಂಡು ಬಂದಿದ್ದೆ, ಹೇಳಿದ್ದು ‘ಕಾಫಿ ಚೆನ್ನಾಗಿದೆ’ ಎಂದಷ್ಟೇ. ಅವರೇ ಗೋಡೆ ಕಡೆ ನೋಡಿ ಹೇಳಿದರು:

“ಬಂದೋರೆಲ್ಲ ಓದ್ಕಂಡೋದ್ರು ಸಾ. ನಮ್ ಕೇರಿ ಪೂರ್ತಿ ಓದ್ತು. ನಾನೂವೆ ಕೂಡ್ಸಿ ಕೂಡ್ಸಿ ಓದ್ದೆ. ನೀವೊಬ್ರೇ ಓದ್ನಿಲ್ಲ.”

ಚೌಕಟ್ಟು ಇಳಿಸಿ ತಂದು ನನ್ನ ಮುಂದೆ ಹಿಡಿದು, ಆ ಸಾಲಿನ ಕೆಳಗೆ ಬೆರಳಿಟ್ಟರು. ನಾನು ಓದಿದೆ. ‘ಪಾಠದ ಪೆನ್‌ಡ್ರೈವ್ ಕಳೆದದ್ದು ಇವರಿಂದಲ್ಲ, ಕಿವಿಗೆ ಇಂಗ್ಲಿಷ್ ತಿಳಿಯದ ನಾಚಿಕೆಗೆ ಅದನ್ನು ಬಚ್ಚಿಟ್ಟು, ಇವರ ಹೆಸರಿನಲ್ಲಿ ಮುಚ್ಚಳಿಕೆ ಬರೆದವನು ನಾನು.’ ಬೆರಳು ಒಂದೊಂದೇ ಪದ ದಾಟಿ ಕೊನೆಗೆ ಬಂತು. ಅಳು ಬಂತು, ಅತ್ತೆ. ಅವರು ಅಳಲಿಲ್ಲ.

“ಇಲ್ಲಿ ಓದಿದ್ರೆ ನಂಗೊಬ್ಬುಳ್ಗೇ ಕೇಳ್ತು ಸಾ. ನನ್ ಮೇಲ್ ತಪ್ಪು ಹೊರ್ಸಿದ್ದು ಅಲ್ಲಿ. ನಾಳಿಕ್ಕೆ ಪ್ರೇಯರ್‌ಗೆ ತಗಂಡೋಗಿ ಓದ್ಬುಟ್ಟು ತಂದ್ಕೊಡಿ. ಮೊಳೆ ಇಲ್ಲೇ ಇರ್ತದೆ.”

ಸೋಮವಾರ ಓದಿದೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೆಡ್‌ಮಾಸ್ಟರು ನನ್ನ ಜೊತೆ ಮಾತಾಡದೆ ಕಡತ ತಂದು ಟೇಬಲ್ಲಿನ ಮೇಲಿಟ್ಟರು. ಆ ಮುಚ್ಚಳಿಕೆಯ ಮೇಲೆ ನನ್ನ ಹೇಳಿಕೆಯನ್ನು ಬರೆದು ಸೇರಿಸಿದೆ. ಆ ಸಲ ಅಕ್ಷರ ದುಂಡಗೆ ಬರಲಿಲ್ಲ. ನನ್ನ ಮೇಲೆ ಏನು ಕ್ರಮವೋ ಅದು ನಡೆಯುತ್ತಿದೆ, ನಡೆಯಲಿ.

ಸಂಜೆ ಚೌಕಟ್ಟು ವಾಪಸ್ ತೆಗೆದುಕೊಂಡು ಹೋದೆ. ಆಯಮ್ಮ ಬಾಗಿಲಲ್ಲೇ ಕೇಳಿದರು:

“ಓದುದ್ರಾ ಸಾ?”

“ಓದ್ದೆ ಅಮ್ಮ.”

“ಎಲ್ಲಾ ಲೈನೂವಾ?”

“ಎಲ್ಲಾ ಲೈನು.”

ಅವರು ಸ್ಟೂಲ್ ಹತ್ತಿ ಚೌಕಟ್ಟನ್ನು ಮೊಳೆಗೆ ಸಿಕ್ಕಿಸಿ, ಅದನ್ನು ಹಿಡಿದುಕೊಂಡೇ, “ನೆಟ್ಟಗೈತಾ ನೋಡೇಳಿ ಸಾ” ಎಂದರು. ನಾನು ನೆಲ ನೋಡುತ್ತಾ ನಿಂತಿದ್ದೆ. ನೋಡಿ ಹೇಳಲು ತಲೆ ಎತ್ತಬೇಕಿತ್ತು. ನನಗೆ ತುಂಬ ಹೊತ್ತು ಹಿಡಿಯಿತು. ಅವರು ಕೈ ತೆಗೆಯದೆ ಕಾದರು.